ಬೀಗ ಕಟ್ಟಿಕೊಂಡವರು

ಬೀಗದ ಕಾರ್ಖಾನೆಯ ಬಾಗಿಲಲ್ಲಿ ನಿಂತು ಇಪ್ಪತ್ತೆರಡು ವರ್ಷ ಜನರನ್ನು ತೂಗಿದವಳು ನಾನು. ಜೋಳವಲ್ಲ, ಬೆಲ್ಲವಲ್ಲ, ಜನರನ್ನು. ಊರಲ್ಲಿ ಯಾರನ್ನಾದರೂ ಕೇಳಿ, ತೂಕದ ನಿಂಬೆವ್ವನ ಮನೆ ಎಂದರೆ ನೇರ ತಂದು ಬಿಡುತ್ತಾರೆ. ನನ್ನ ಬಾಯಿ ಜೋರು ಅಂತಲೂ ಸೇರಿಸಿ ಹೇಳುತ್ತಾರೆ. ಜೋರಿರಲೇಬೇಕಲ್ಲ, ಕೂಗುವುದೇ ಕೆಲಸ. ಆದರೆ ಆ ಬಾಯಿಯನ್ನು ನಾನು ಎಂಟು ತಿಂಗಳು ಮುಚ್ಚಿಕೊಂಡಿದ್ದೆ. ಆ ಎಂಟು ತಿಂಗಳ ಮಾತು ಹೇಳುವಾಗ ಈಗಲೂ ನನ್ನ ಅಂಗೈ ಬೆವರುತ್ತದೆ.

ನಮ್ಮೂರಲ್ಲಿ ಮನಸ್ಸು ಸವೆದರೆ ಮನುಷ್ಯ ಹಗುರಾಗುತ್ತಾನೆ. ಉಂಡದ್ದು ತಿಂದದ್ದು ಲೆಕ್ಕಕ್ಕಿಲ್ಲ. ನಮ್ಮ ಓಣಿಯ ಹೂಗಾರ ಮುದುಕಿ ಕಡ್ಡಿಯಂತಿದ್ದಾಳೆ, ಐವತ್ತೆಂಟು ಕಿಲೊ ತೂಗುತ್ತಾಳೆ, ಹಲ್ಲಿಲ್ಲದ ಬಾಯಲ್ಲಿ ದಿನಾ ನಗುತ್ತಾಳೆ. ಗಡಿಗೆಯಂಥ ಹೊಟ್ಟೆಯಿದ್ದ ಕುಲಕರ್ಣಿಯವರ ಅಳಿಯ ಇಪ್ಪತ್ತೆಂಟಕ್ಕೆ ಇಳಿದು, ಒಂದು ಆಷಾಢದಲ್ಲಿ ಮಾಳಿಗೆಯ ಮೇಲೆ ಮೆಣಸಿನಕಾಯಿ ತಿರುವಿ ಹಾಕಲು ಹೋದವನು ಕೆಳಗೆ ಬರಲೇ ಇಲ್ಲ. ಮೂವತ್ತರ ಕೆಳಗೆ ಇಳಿದವರನ್ನು ಗಾಳಿ ಬಿಡುವುದಿಲ್ಲ. ಎಲ್ಲಿಗೆ ಹೋಗುತ್ತಾರೋ ಕಂಡವರಿಲ್ಲ. ಅವನದು ಒಂದು ಚಪ್ಪಲಿ ಮಾತ್ರ ಕೆರೆಯಾಚೆ ಸಿಕ್ಕಿತು. ಹೀಗಾಗಿ ನಮ್ಮ ಓಣಿಗಳಲ್ಲಿ ಎರಡೂ ಕಡೆ ಸೊಂಟದ ಎತ್ತರಕ್ಕೆ ಹಗ್ಗ ಕಟ್ಟಿರುತ್ತಾರೆ, ಹಿಡಿದುಕೊಂಡು ನಡೆಯಲಿಕ್ಕೆ. ಹೆಣ್ಣು ಕೊಡುವವರು ಗಂಡಿನ ಮನೆಗೆ ಹೋದರೆ ಗಂಡನ್ನು ನೋಡುವ ಮೊದಲು ಆ ಮನೆಯ ಹಿರಿಸೊಸೆಯನ್ನು ತೂಗಿ ನೋಡುತ್ತಾರೆ. ಆಕೆಯ ತೂಕ ಸರಿ ಇದ್ದರೆ ಮುಂದಿನ ಮಾತು, ಇಲ್ಲದಿದ್ದರೆ ಚಹಾ ಕುಡಿದು ಎದ್ದು ಬರುತ್ತಾರೆ.

ದುಡಿಸಿಕೊಳ್ಳುವವರಿಗೂ ಒಂದು ಕಟ್ಟಳೆ ಇತ್ತು. ಕೆಲಸಕ್ಕೆ ಸೇರಿದ ದಿನ ಎಷ್ಟು ತೂಗುತ್ತಾರೋ ಅದು ಅವರ ಗುರುತು. ದಿನಾ ಬೆಳಿಗ್ಗೆ ಒಬ್ಬೊಬ್ಬರಾಗಿ ತಕ್ಕಡಿಯ ಹಲಗೆ ಮೇಲೆ ನಿಲ್ಲಬೇಕು, ನಾನು ಹೆಸರು ಮತ್ತು ತೂಕ ಕೂಗಬೇಕು. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತ ಸಾಹುಕಾರರು ಪ್ರತಿಯೊಬ್ಬರ ಹೆಸರಿಗೂ "ನನ್ನ ಮ್ಯಾಲ" ಅನ್ನಬೇಕು. ಅಂದರೆ ಇವತ್ತಿನ ದಿನ ಈ ಜೀವ ನನ್ನ ಹೊಣೆ ಎಂದು. ಮೂರು ಕಿಲೊ ಇಳಿದವರು ಮನೆಗೆ. ತೂಕ ಮರಳುವ ತನಕ ಪೂರ್ತಿ ಸಂಬಳ. ತನ್ನ ಅಂಗಳದಿಂದ ಒಬ್ಬರನ್ನು ಗಾಳಿಗೆ ಕಳೆದುಕೊಂಡ ಯಜಮಾನನ ಮನೆಗೆ ಊರಿನವರು ಬೆಂಕಿ ನೀರು ಕೊಡುವುದಿಲ್ಲ. ಹಳೆಯ ಸಾಹುಕಾರ ಮುರಿಗೆಪ್ಪನವರೇನು ದೇವರಲ್ಲ. ಬಾಯಿ ತೆರೆದರೆ ಬೈಗುಳ. ಆದರೆ ಜ್ವರ ಬಂದ ದಿನವೂ ಕಂಬಳಿ ಹೊದ್ದುಕೊಂಡು ಬಂದು ಕೂತು ಅರವತ್ತು ಸಲ "ನನ್ನ ಮ್ಯಾಲ" ಅಂದದ್ದನ್ನು ನಾನು ಕಂಡಿದ್ದೇನೆ. ಯಾರಾದರೂ ಇಳಿದಿದ್ದರೆ, "ಯಾಕಲೇ, ಏನಾತು? ನಾ ಏನರೆ ಅಂದೆನೇನು ನಿನಗ?" ಎಂದು ಕೇಳುತ್ತಿದ್ದರು. ಅಂದದ್ದು ನಿಜವಾಗಿದ್ದರೆ ತಾವೇ ಅವರ ಮನೆತನಕ ಹೋಗಿ ಬರುತ್ತಿದ್ದರು.

ಅವರು ತೀರಿಕೊಂಡ ಮೇಲೆ ಮಗ ಶಿವಯೋಗಿ ಬಂದ. ಮೂವತ್ತೈದರ ಪ್ರಾಯ, ಇಸ್ತ್ರಿ ಅಂಗಿ, ಮಾತು ಮೆತ್ತಗೆ. ಮೊದಲ ತಿಂಗಳು ಕುರ್ಚಿಯಲ್ಲಿ ಕೂತ. ಎರಡನೆಯ ತಿಂಗಳು ಕುರ್ಚಿ ಮಾತ್ರ ಬಂತು. ಬರೀ ಕುರ್ಚಿಗೆ ಏನಂತ ಕೂಗುವುದು? ಕೇಳಿದರೆ, "ನೀ ಕೂಗವಾ ನಿಂಬೆವ್ವಾ, ನಾ ಒಳಗಿಂದ ಅಂದಿರತೀನಿ" ಅಂದ. ಅವನ ಕೋಣೆಗೆ ಗಾಜಿನ ಬಾಗಿಲು, ಅದನ್ನು ಹಾಕಿಕೊಂಡೇ ಇರುತ್ತಿದ್ದ.

ಆಗಲೇ ದೂರದ ಯಾವುದೋ ಊರಿನಿಂದ ದೊಡ್ಡ ಬೇಡಿಕೆ ಬಂತು. ಉಗ್ರಾಣಕ್ಕೆ ಹಾಕುವ ಬೀಗ, ಒಂದೊಂದೂ ಒಂದೊಂದು ಕಿಲೊ, ನಲವತ್ತು ಸಾವಿರ ಬೇಕು, ಆಷಾಢ ಮುಗಿಯುವುದರೊಳಗೆ. ಶಿವಯೋಗಿ ಆಳುಗಳಿಂದ ಕೆಲಸ ತೆಗೆಸಲು ಹೊಸ ಮುಕಾದಮನನ್ನು ತಂದ, ಧರ್ಮಣ್ಣ ಅಂತ. ಅವನ ಕೊರಳಲ್ಲಿ ಸದಾ ಒಂದು ಸೀಟಿ. ಬೆನ್ನ ಹಿಂದೆ ಬಂದು ನಿಲ್ಲುತ್ತಿದ್ದ, ಏನೂ ಮಾತಾಡುತ್ತಿರಲಿಲ್ಲ, ಕಿವಿಯ ಹತ್ತಿರ ಊದುತ್ತಿದ್ದ ಅಷ್ಟೇ. ಊಟದ ಹೊತ್ತು ಅರ್ಧವಾಯಿತು. ಕೀಲಿ ತಿರುಗದ ಬೀಗ ಯಾರ ಕೈಯಿಂದ ಬಂತೋ, ಅದನ್ನು ಸರಪಳಿಗೆ ಪೋಣಿಸಿ ಅವರ ಕೊರಳಿಗೇ ಹಾಕುತ್ತಿದ್ದ. ಸಂಜೆತನಕ ತೆಗೆಯುವಂತಿಲ್ಲ. ಮೂರು ತಿಂಗಳಲ್ಲಿ ನನ್ನ ತಕ್ಕಡಿಯ ಮುಳ್ಳು ಎಲ್ಲರದೂ ಕೆಳಗೆ ಸರಿಯತೊಡಗಿತು. ನಾನು ಕೂಗಿದೆ. ಆ ವಾರ ಹನ್ನೊಂದು ಮಂದಿ ಮನೆಗೆ ಹೋದರು. ಶಿವಯೋಗಿ ನನ್ನನ್ನು ಗಾಜಿನ ಬಾಗಿಲೊಳಗೆ ಕರೆದ.

"ನಿಂಬೆವ್ವಾ, ಈ ತಕ್ಕಡಿ ಹಳೇದು. ತಪ್ಪು ತೋರಸ್ತೈತಿ" ಅಂದ.

"ಇಲ್ರಿ ಸಾವಕಾರ್ರ, ಮೊನ್ನೇನೇ ಕಲ್ಲು ಇಟ್ಟು ನೋಡೇನಿ."

"ನೋಡು, ಕೆಲಸ ಯಾರಿಗಿಲ್ಲ? ನನಗೂ ಐತಿ. ನಾ ಹಗುರಾಗೇನೇನು? ಆ ಹನ್ನೊಂದು ಮಂದಿ ತಿರುಗಿ ಬರೂದು ಬ್ಯಾಡ ಅಂತ ಹೇಳಿ ಕಳಿಸೇನಿ. ಇನ್ನ ಮ್ಯಾಲ ಇಳದವರು ಇಳದಂಗ, ಮನಿಗಿ ಹೋದವರು ಹೋದಂಗ. ಈಗ ನೀನು ಹೆಂಗ ಕೂಗ್ತಿ ಅನ್ನೂದು ನಿನಗ ಬಿಟ್ಟಿದ್ದು" ಅಂದು ನಕ್ಕ. ಕೆಟ್ಟ ನಗುವೇನಲ್ಲ, ಮದುವೆಗೆ ಕರೆಯಲು ಬಂದವರು ನಗುತ್ತಾರಲ್ಲ, ಹಾಗೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನಾನು ಹೊರಗೆ ಬಂದು ತಕ್ಕಡಿಗೆ ಇನ್ನೊಮ್ಮೆ ಕಲ್ಲು ಇಟ್ಟು ನೋಡಿದೆ, ಸರಿಯಾಗೇ ಇತ್ತು.

ನನಗೆ ಹೆದರಿಕೆ ಹುಟ್ಟಿದ್ದು ಕಸ್ತೂರಿಗಾಗಿ. ತೀರಿಕೊಂಡ ನನ್ನ ತಂಗಿಯ ಮಗಳು ಅವಳು, ನನ್ನ ಕೈಯಲ್ಲೇ ಬೆಳೆದವಳು, ಆಗ ತನ್ನ ಅವ್ವನ ಹಳೆ ಮನೆಯಲ್ಲಿ ಒಬ್ಬಳೇ ಇದ್ದಳು. ಕೀಲಿ ಅರೆಯುವ ಸಾಲಿನಲ್ಲಿ ಅವಳಂಥ ಕೈ ಇನ್ನೊಂದಿಲ್ಲ. ಬೀಗದ ಬಾಯಿಗೆ ಒಮ್ಮೆ ಕಣ್ಣಿಟ್ಟು ನೋಡಿದರೆ ಸಾಕು, ಕಬ್ಬಿಣ ಉಜ್ಜುವ ಅರ ತಗೊಂಡು ಕೀಲಿಗೆ ಹಲ್ಲು ಹಲ್ಲಾಗಿ ತೆಗೆದು, ಒಂದೇ ಸಲಕ್ಕೆ ಟಕ್ ಅಂತ ತೆರೆಸುತ್ತಿದ್ದಳು. ಮುರಿಗೆಪ್ಪನವರೇ ಒಮ್ಮೆ, "ಈ ಹುಡುಗಿ ನನ್ನ ತಿಜೋರಿ ಕಡೆ ಬರದಂಗ ನೋಡ್ಕೋ ನಿಂಬೆವ್ವಾ" ಎಂದು ಚೇಷ್ಟೆ ಮಾಡಿದ್ದರು. ಅವಳಿಗೆ ಆ ಮಾತು ಬಂಗಾರದ ಬಳೆ ಕೊಟ್ಟಷ್ಟು ಹಿಗ್ಗು ತಂದಿತ್ತು. ಅವಳ ಗುರುತು ಐವತ್ತೊಂದು. ಧರ್ಮಣ್ಣ ಬಂದ ನಾಲ್ಕನೆಯ ತಿಂಗಳಿಗೆ ನಲವತ್ತೇಳು.

ಅವತ್ತು ಬೆಳಿಗ್ಗೆ ಮುಳ್ಳು ನಲವತ್ತೇಳರಲ್ಲಿ ನಿಂತಾಗ ಅವಳು ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಹಿಂದೆ ಸಾಲು ಕಾಯುತ್ತಿತ್ತು. "ಕಸ್ತೂರಿ, ಐವತ್ತು" ಎಂದು ಕೂಗಿದೆ. ನನ್ನ ದನಿ ನನಗೇ ಪರಕೀಯವಾಗಿ ಕೇಳಿಸಿತು. ಇಪ್ಪತ್ತೆರಡು ವರ್ಷದಲ್ಲಿ ಅದು ನನ್ನ ಮೊದಲ ಸುಳ್ಳು.

ಮಧ್ಯಾಹ್ನ ಬುತ್ತಿ ಬಿಚ್ಚಿಕೊಂಡು ಕೂತಾಗ ಹೇಳಿದೆ, "ನೀ ಮನ್ಯಾಗ ಇದ್ದುಬಿಡು ಮಗಳ. ಸುಧಾರಿಸ್ಕೋ. ಹೊಟ್ಟಿಗಿ ನಾ ಹಾಕ್ತೀನಿ."

"ದೊಡ್ಡವ್ವಾ, ಹಗುರಾದಾಕಿ ಅಂತ ಹೊರಗ ಹಾಕಿದ್ರ ಈ ಊರಾಗ ನನ್ನ ಕೈಗೆ ಅರ ಯಾರು ಕೊಡ್ತಾರ? ಇದೊಂದ ನನಗ ಬರೂದು. ಇದನ್ನೂ ಬಿಟ್ರ ನಾ ಪೂರ್ತಿ ಹೋಗಿಬಿಡ್ತೀನಿ" ಅಂದಳು. ರೊಟ್ಟಿ ಮುರಿದವಳು ಬಾಯಿಗಿಡಲಿಲ್ಲ. "ಕೈ ನಡಗ್ತಾವ, ದೊಡ್ಡವ್ವಾ. ಸೀಟಿ ಊದಿರಲಿಕ್ಕಿಲ್ಲ, ಆದ್ರೂ ಕೇಳಿಸ್ತೈತಿ. ಮನ್ಯಾಗೂ ಕೇಳಿಸ್ತೈತಿ."

ಆ ವಾರವೇ ಅವಳ ಎರಡು ಬೀಗ ಕೆಟ್ಟವು. ಎರಡನ್ನೂ ಧರ್ಮಣ್ಣ ಅವಳ ಕೊರಳಿಗೆ ಹಾಕಿದ. ಸಂಜೆ ಬಿಚ್ಚಲು ಮರೆತು ಮನೆಗೆ ಹೋಗಿ, ಮರುದಿನ ಹಾಗೆಯೇ ಬಂದು ತಕ್ಕಡಿ ಹತ್ತಿದಳು. ಮುಳ್ಳು ನಲವತ್ತೊಂಬತ್ತು ತೋರಿಸಿತು. ಅಯ್ಯೋ, ಆಗ ನನ್ನ ತಲೆಗೆ ಹೊಳೆದ ಬುದ್ಧಿಗೆ ಬೆಂಕಿ ಬೀಳಲಿ! ಸುಳ್ಳು ಕೂಗುವ ಕಷ್ಟವೂ ಇಲ್ಲ, ಅವಳ ಕೆಲಸವೂ ಉಳಿಯುತ್ತದೆ ಅಂದುಕೊಂಡೆ. ಆ ಸಂಜೆ ದಪ್ಪ ಕೋರಾ ಬಟ್ಟೆಯ ಪಟ್ಟಿ ಹೊಲಿದು, ನಾಲ್ಕು ಚೀಲ ಮಾಡಿ, ಕಾರ್ಖಾನೆಯಿಂದ ತಂದ ನಾಲ್ಕು ಬೀಗ ಇಟ್ಟು, ನನ್ನ ಕೈಯಾರೆ ಅವಳ ಲಂಗದ ಮೇಲೆ ಸೊಂಟಕ್ಕೆ ಕಟ್ಟಿದೆ. "ಭಾರ ಆಗ್ತೈತೇನು?" ಕೇಳಿದೆ. "ಇಲ್ಲ, ಒಂಥರಾ ಚಲೋ ಅನಸ್ತೈತಿ. ಯಾರೋ ಹಿಡಕೊಂಡಂಗ" ಅಂದಳು.

ಇಂಥದ್ದು ಮುಚ್ಚಿಟ್ಟರೆ ಮುಚ್ಚಿರುತ್ತದೆಯೇ? ಹದಿನೈದು ದಿನದಲ್ಲಿ ಅರ್ಧ ಕಾರ್ಖಾನೆ ಪಟ್ಟಿ ಕಟ್ಟಿತ್ತು. ಗಂಡಸರು ಧೋತರದೊಳಗೆ, ಹೆಂಗಸರು ಸೀರೆಯೊಳಗೆ. ಬೆಳಿಗ್ಗೆ ಸಾಲು ಬಂದರೆ ಎತ್ತಿನ ಗಾಡಿಯ ಸದ್ದು. ನಾನು ಕೂಗುತ್ತಿದ್ದೆ, ಐವತ್ತೊಂದು, ಅರವತ್ತು, ಐವತ್ತೇಳು, ಎಲ್ಲವೂ ಸರಿ. ಶಿವಯೋಗಿ ಒಂದು ದಿನ ಬಾಗಿಲಿಗೆ ಬಂದು, ಬಸುರಿಯರಂತೆ ಉಬ್ಬಿಕೊಂಡು ನಿಂತ ಹೆಂಗಸರನ್ನೂ, ಕುಂಡಿ ಜೋಲುವ ಧೋತರಗಳನ್ನೂ ಮೇಲಿಂದ ಕೆಳಗೆ ನೋಡಿದ. ಕಣ್ಣು ಒಂದು ಗಳಿಗೆ ಅಲ್ಲೇ ನಿಂತಿತು. ಆಮೇಲೆ, "ನೋಡಿದಿಯಾ, ತಕ್ಕಡಿ ರಿಪೇರಿ ಆತು" ಅಂದು ಒಳಗೆ ಹೋದ. ಅವನಿಗೆ ಗೊತ್ತಾಗಿತ್ತು. ನಾನು ಆಣೆ ಮಾಡಿ ಹೇಳುತ್ತೇನೆ, ಅವನಿಗೆ ಗೊತ್ತಾಗಿತ್ತು.

ಹೊರಗಿನ ತೂಕ ಒಳಗೆ ಇಳಿಯುವುದಿಲ್ಲ. ಇದನ್ನು ತಿಳಿಯಲು ನನಗೆ ತಿಂಗಳುಗಳು ಬೇಕಾದವು. ಮುಂಚೆ ಮೂರು ಕಿಲೊ ಇಳಿದವರು ಮನೆಯಲ್ಲಿ ಮಲಗಿ ಏಳುತ್ತಿದ್ದರು. ಈಗ ಯಾರೂ ಮನೆಗೆ ಹೋಗುತ್ತಿರಲಿಲ್ಲ, ಇಳಿಯುತ್ತಲೇ ಇದ್ದರು, ಬೀಗ ಸೇರಿಸುತ್ತಲೇ ಇದ್ದರು. ಕಸ್ತೂರಿಗೆ ನಾಲ್ಕು ಹೋಗಿ ಒಂಬತ್ತಾಯಿತು, ಹದಿನಾಲ್ಕಾಯಿತು. ಪಟ್ಟಿ ಎರಡು ಸುತ್ತಾಯಿತು, ಮೂರಾಯಿತು. ಆಷಾಢ ಹಿಡಿಯುವ ಹೊತ್ತಿಗೆ ಇಪ್ಪತ್ತೊಂಬತ್ತು. ಲೆಕ್ಕ ಮಾಡಿದರೆ ಅವಳದು ಅಂತ ಉಳಿದದ್ದು ಇಪ್ಪತ್ತೆರಡು ಕಿಲೊ. ನಮ್ಮ ಮನೆಗೇ ಕರೆತಂದು ಇಟ್ಟುಕೊಂಡೆ. ಸ್ನಾನಕ್ಕೆ ಪಟ್ಟಿ ಬಿಚ್ಚುವಾಗ ನಾನು ಬಚ್ಚಲ ಬಾಗಿಲು ಹಾಕಿಕೊಂಡು ಅವಳ ಭುಜ ಅಮುಕಿ ಹಿಡಿಯಬೇಕಾಗುತ್ತಿತ್ತು. ಸೊಂಟದ ಸುತ್ತ ಚರ್ಮ ಕಪ್ಪಗಾಗಿ ಒರಟಾಗಿತ್ತು. ನೀರು ಹಾಕಿದರೆ ಅವಳು "ಸ್" ಅನ್ನುತ್ತಿರಲಿಲ್ಲ. ಮಾತೇ ಕಡಿಮೆಯಾಗಿತ್ತು. ಕರೆದರೆ ಒಂದಿಷ್ಟು ತಡೆದು ತಿರುಗುತ್ತಿದ್ದಳು, ಬೇರೆ ಯಾರನ್ನೋ ಕರೆದಿರಬೇಕು ಎಂಬಂತೆ.

"ನಾಳೆ ನಾ ಖರೇ ತೂಕ ಕೂಗ್ತೀನಿ" ಎಂದೆ ಒಂದು ದಿನ.

"ಕೂಗಿದ್ರ ಪಟ್ಟಿ ಬಿಚ್ಚಸ್ತಾರ" ಅಂದಳು ನಿಧಾನಕ್ಕೆ. "ಬಿಚ್ಚಿದ್ರ ನಾ ನಿಲ್ಲೂದಿಲ್ಲ."

ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾದೆ. ಕೂಗಿದರೂ ಕುತ್ತು, ಕೂಗದಿದ್ದರೂ ಕುತ್ತು. ಹೊರಗೆ ಗಾಳಿ ದಿನದಿನಕ್ಕೆ ಬಲಿಯುತ್ತಿತ್ತು. ಓಣಿಯ ಹಗ್ಗಗಳು ಗುಂಯ್‌ಗುಡುತ್ತಿದ್ದವು.

ಸರಕು ಒಯ್ಯಲು ಲಾರಿಗಳು ಬಂದ ದಿನ ಎಲ್ಲವೂ ಹೊರಬಿತ್ತು. ಪೆಟ್ಟಿಗೆ ಎಣಿಸಿದರೆ ಏಳುನೂರು ಬೀಗ ಕಡಿಮೆ. ಇನ್ನೊಮ್ಮೆ ಎಣಿಸಿದರು, ಏಳುನೂರೇ. ಧರ್ಮಣ್ಣ ಸೀಟಿ ಊದಿ ಎಲ್ಲರನ್ನೂ ಅಂಗಳಕ್ಕೆ ಕರೆದ. ಹೊತ್ತು ಹನ್ನೊಂದು, ನೆತ್ತಿ ಸುಡುವ ಬಿಸಿಲು, ಧೂಳೆಬ್ಬಿಸುವ ಗಾಳಿ. "ಬೀಗ ಯಾರು ಕದ್ದೀರಿ?" ಅಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅಷ್ಟೂ ಮಂದಿಯ ಕೈ ಅವರವರ ಸೊಂಟಕ್ಕೆ ಹೋಯಿತು.

ಶಿವಯೋಗಿ ಗಾಜಿನ ಬಾಗಿಲು ತೆರೆದು ಹೊರಗೆ ಬಂದ. ಲಾರಿಯವರು ನೋಡುತ್ತಿದ್ದರು, ಅದೇ ಅವನಿಗೆ ಸಂಕಟ. "ಲಗೂನ ಬಿಚ್ಚಸು" ಅಂದ.

ಜನ ಗೋಡೆಯ ಕಡೆ ಸರಿದರು. ಕಿಟಕಿಯ ಸಲಾಕಿ, ಬಾಗಿಲ ಚೌಕಟ್ಟು, ನೀರಿನ ನಲ್ಲಿ, ಸಿಕ್ಕಿದ್ದನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಪಟ್ಟಿ ಬಿಚ್ಚತೊಡಗಿದರು. ಬೀಗಗಳು ಧಡಧಡ ಬೀಳುತ್ತಿದ್ದವು. ಕಸ್ತೂರಿ ಅಂಗಳದ ನಡುವೆ ನಿಂತಿದ್ದಳು, ಗೋಡೆಯ ಕಡೆ ಹೋಗಬೇಕು ಎಂಬುದೇ ಅವಳಿಗೆ ತೋಚಿರಲಿಲ್ಲ. ಧರ್ಮಣ್ಣ ತಗಡು ಕತ್ತರಿಸುವ ಕತ್ತರಿ ಹಿಡಿದು ಅವಳ ಕಡೆ ಹೊರಟ. ಹೊಲಿದವಳು ನಾನು, ಕಟ್ಟಿದವಳು ನಾನು, ಸುಳ್ಳು ಕೂಗಿದವಳು ನಾನು. ಓಡಿ ಹೋಗಿ ಅವಳ ಮುಂಗೈ ಹಿಡಿದುಕೊಂಡು, ಇದ್ದಬದ್ದ ಗಂಟಲಿನಿಂದ ಕೂಗಿದೆ, "ಕಸ್ತೂರಿ, ಇಪ್ಪತ್ತೆರಡು!"

ಧರ್ಮಣ್ಣ ನಿಂತ. ಗೋಡೆಯ ಕಡೆಯ ಸದ್ದೂ ನಿಂತಿತು.

"ಏನ್ ಒದರಾಕತ್ತೀ ನಿಂಬೆವ್ವಾ?" ಅಂದ ಶಿವಯೋಗಿ.

"ಗುರುತು ಐವತ್ತೊಂದು, ಇವತ್ತಿಂದು ಇಪ್ಪತ್ತೆರಡು. ತೂಕ ಕೂಗೇನಿ ಸಾವಕಾರ್ರ. ನೀವು ಅನ್ನೂ ಮಾತು ಅನ್ರಿ."

"ಹುಚ್ಚು ಹಿಡದೈತೇನು ನಿನಗ? ಆಕೀ ಮನ್ಯಾಗ ಏನ್ ತ್ರಾಸೈತೋ ಯಾರಿಗ್ಗೊತ್ತು. ಅದಕ್ಕ ನಾ ಏನ್ ಮಾಡ್ಲಿ?" ಲಾರಿಯವರ ಕಡೆ ಒಮ್ಮೆ ನೋಡಿ, "ಧರ್ಮಣ್ಣಾ, ಮೊದಲ ಬೀಗ ತಗಿ. ಮಾತು ಆಮ್ಯಾಲ" ಅಂದ.

"ಬ್ಯಾಡೋ ಧರ್ಮಣ್ಣಾ, ನಿನ್ನ ಕಾಲು ಹಿಡ್ಕೋತೀನಿ" ಅಂದೆ. ಅವನೂ ಕತ್ತರಿ ಒಮ್ಮೆ ಕೆಳಗಿಳಿಸಿದ, ಸುಳ್ಳು ಹೇಳಬಾರದು. ಆದರೆ ಯಜಮಾನನ ಮಾತು. ಕತ್ತರಿ ಕಚ್ಚಿತು, ಪಟ್ಟಿ ಹರಿಯಿತು. ಇಪ್ಪತ್ತೊಂಬತ್ತು ಬೀಗ ಅವಳ ಪಾದದ ಸುತ್ತ ಸುರಿದವು. ಅದೇ ಹೊತ್ತಿಗೆ ಗಾಳಿ ಬಂತು.

ಅವಳು ಕೂಗಲಿಲ್ಲ. ಅದೇ ನನಗೆ ಇವತ್ತಿಗೂ ನೆನಪಾಗುವುದು. ಕಾಲು ನೆಲ ಬಿಟ್ಟಿತು, ಸೀರೆ ಪಟಪಟಿಸಿತು, ನನ್ನ ಮುಖದ ಎತ್ತರಕ್ಕೆ ಅವಳ ಮೊಳಕಾಲು ಬಂತು, ಆದರೂ ಅವಳು ಸುಮ್ಮನೆ ನನ್ನನ್ನೇ ನೋಡುತ್ತಿದ್ದಳು. ಮುಂಗೈಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದೆ. ನಾನೇನು ಕಡಿಮೆ ಹೆಂಗಸಲ್ಲ, ಹಿಡಿದು ನಿಲ್ಲುತ್ತೇನೆ ಅಂದುಕೊಂಡಿದ್ದೆ. ಆಗ ನನ್ನ ಹಿಮ್ಮಡಿ ಎದ್ದಿತು. ಇಪ್ಪತ್ತೆರಡು ವರ್ಷ ಊರಿಗೆಲ್ಲ ತೂಗಿದೆನಲ್ಲ, ಆ ಎಂಟು ತಿಂಗಳಲ್ಲಿ ನನ್ನನ್ನು ಯಾರೂ ತೂಗಿರಲಿಲ್ಲ. ತುದಿಬೆರಳು ಧೂಳಿನಲ್ಲಿ ಗೀರುತ್ತ ನಾನೂ ಎಳೆದುಕೊಂಡು ಹೊರಟೆ. ಶಿವನೇ, ಮುಗಿಯಿತು ಅನ್ನಿಸಿತು. ಒಂದು ಕೈ ಬಿಟ್ಟು ಸಿಕ್ಕಿದ್ದನ್ನು ಹಿಡಿದೆ. ಸಿಕ್ಕಿದ್ದು ಶಿವಯೋಗಿಯ ಕೈ.

ಅವನು ಅಲುಗಲಿಲ್ಲ. ಕಲ್ಲುಕಂಬ ನೆಟ್ಟ ಹಾಗೆ ನಿಂತಿದ್ದ. ಇಡೀ ಕಾರ್ಖಾನೆಯಲ್ಲಿ ತೂಕ ಉಳಿಸಿಕೊಂಡವನು ಅವನೊಬ್ಬನೇ. ಉಳಿಯದೆ ಏನು, ಅವನ ಮನಸ್ಸಿನ ಮೇಲೆ ಯಾವುದೂ ಕೂತಿರಲಿಲ್ಲ. "ಬಿಡು! ಬಿಡು ನಿಂಬೆವ್ವಾ!" ಎಂದು ಕೈ ಜಾಡಿಸಿದ. ನನ್ನ ಬೆರಳು ಬೆವರಿದ್ದವು, ಜಾರುತ್ತಿದ್ದವು. ನಾನು ಹಿಡಿದರೆ ಸಾಲದು, ಅವನೂ ಹಿಡಿಯಬೇಕಿತ್ತು. "ಹಿಡೀರಿ ಸಾವಕಾರ್ರ, ನಿಮ್ಮ ಮಕ್ಕಳ ಪುಣ್ಯ, ಹಿಡೀರಿ" ಎಂದು ಬೇಡಿದೆ. ಮೊದಲು ಹಿಡಿದ. ಆಮೇಲೆ ಗಾಳಿಯ ಇನ್ನೊಂದು ಬೀಸು ಬಂತು. ಮತ್ತೆ ಹಿಡಿದುಕೊಂಡೇ ಇದ್ದ. ಗೋಡೆಯ ಕಡೆಯವರು ಒಬ್ಬರ ಕೈ ಒಬ್ಬರು ಹಿಡಿದು ಸರಪಳಿಯಾಗಿ ಬಂದು, ನಮ್ಮಿಬ್ಬರ ಕಾಲು ಎಳೆದು, ನೆಲಕ್ಕೆ ಕೆಡವಿ, ಮೇಲೆ ಬಿದ್ದು ಅದುಮಿಕೊಂಡರು. ಕೆಳಗೆ ಒತ್ತಿ ಹಿಡಿದ ಕೈಗಳ ನಡುವೆ ಕಸ್ತೂರಿಯ ಎದೆ ಹಕ್ಕಿಯ ಎದೆಯಂತೆ ಹೊಡೆದುಕೊಳ್ಳುತ್ತಿತ್ತು.

ಅವತ್ತು ಪೆಟ್ಟಿಗೆ ಏರಿಸುವ ಕೈಗಳೇ ಉಳಿದಿರಲಿಲ್ಲ, ಲಾರಿಗಳು ಅರ್ಧ ಸರಕಿಗೇ ಹೋದವು. ಮರುದಿನ ಬೆಳಿಗ್ಗೆ ಕುರ್ಚಿಯಲ್ಲಿ ಶಿವಯೋಗಿ ಕೂತಿದ್ದ. ಹೆಚ್ಚುಕಡಿಮೆ ಎಲ್ಲರೂ ಮನೆಗೆ ಹೋದರು, ಸಂಬಳ ಸಹಿತ, ಹಿಂದಿನ ಹನ್ನೊಂದು ಮಂದಿಗೂ ಕರೆ ಹೋಯಿತು. ಧರ್ಮಣ್ಣನ ಸೀಟಿ ಹೋಯಿತು. ನಮ್ಮ ಸಾಹುಕಾರ ತಾನೇ ಕೈ ಹಿಡಿದು ಒಂದು ಜೀವ ಉಳಿಸಿದ ಅಂತ ಊರೆಲ್ಲ ಕೊಂಡಾಡಿತು. ಅವನಿಗೆ ಶಾಲು ಹೊದಿಸಿದರು, ನಾನೂ ಹೋಗಿದ್ದೆ, ಪೇಢೆ ತಿಂದು ಬಂದೆ. ನನ್ನನ್ನೂ ತೂಗಿದರು. ಮೂವತ್ತೊಂದಿದ್ದೆ. ಎರಡು ತಿಂಗಳು ಮನೆಯಲ್ಲಿದ್ದು ಮತ್ತೆ ಬಾಗಿಲಿಗೆ ಹೋಗುತ್ತಿದ್ದೇನೆ.

ಕಸ್ತೂರಿ ಆರು ತಿಂಗಳಿಂದ ನಮ್ಮ ಮನೆಯಲ್ಲಿದ್ದಾಳೆ. ಮೂವತ್ತೆಂಟು ಕಿಲೊ ಆಗಿದ್ದಾಳೆ. ಮೊದಲ ಎರಡು ತಿಂಗಳು ಮಂಚಕ್ಕೆ ಕಟ್ಟಿ ಮಲಗಿಸುತ್ತಿದ್ದೆ, ಈಗ ಬೇಕಿಲ್ಲ. ಕುಕ್ಕರ್ ಕೂಗಿದರೆ ಇನ್ನೂ ಬೆಚ್ಚುತ್ತಾಳೆ, ಅದಕ್ಕೆ ಅನ್ನವನ್ನು ಪಾತ್ರೆಯಲ್ಲೇ ಮಾಡುತ್ತೇನೆ. ಮೊನ್ನೆ ಪಕ್ಕದ ಮನೆಯವರು ತಂದ ಕೆಟ್ಟ ಬೀಗವನ್ನು ಕೈಗೆ ತಗೊಂಡು ಬಹಳ ಹೊತ್ತು ಅದರ ಬಾಯಿಗೆ ಕಣ್ಣಿಟ್ಟು ನೋಡಿದಳು. ನನಗೆ ಅಳು ಬಂತು. ನಿನ್ನೆ ಕಾಳು ಸೋಸುತ್ತ ಕೂತವಳು ಇದ್ದಕ್ಕಿದ್ದಂತೆ ಕೇಳಿದಳು, "ದೊಡ್ಡವ್ವಾ, ನಾ ತಿರುಗಿ ಕೆಲಸಕ್ಕ ಹೋಗ್ಲೇನು? ಸಾವಕಾರ್ರು ಈಗ ಚಲೋ ಆಗ್ಯಾರ ಅಂತಾರ. ಅವತ್ತ ನನ್ನ ಕೈ ಬಿಡಲಿಲ್ಲಲ್ಲ ಅವರು?"

ಅವಳ ಮುಖದಲ್ಲಿ ಆಸೆಯಿತ್ತು. ಎಷ್ಟು ದಿನದ ಮೇಲೆ ಕಂಡ ಆಸೆ ಅದು. "ಹೂಂ, ಬಿಡಲಿಲ್ಲ" ಎನ್ನುವುದಕ್ಕೆ ಬಾಯಿ ತೆರೆದೆ. ಅವನ ಕೈ ಹಿಡಿದಿದ್ದವಳು ನಾನು, ಅವಳಲ್ಲ. ಎರಡನೆಯ ಬೀಸು ಬಂದಾಗ ಅವನ ಕಿರುಬೆರಳು ನನ್ನ ಕೈಯಿಂದ ಬಿಚ್ಚಿಕೊಂಡಿತು. ಉಂಗುರ ಬೆರಳು ಬಿಚ್ಚಿಕೊಂಡಿತು. ಜಾರಿದ್ದಲ್ಲ, ಬಿಚ್ಚಿದ್ದು. ನಡುಬೆರಳು ಏಳುತ್ತಿದ್ದಾಗ ಅವನು ತಲೆಯೆತ್ತಿ ನೋಡಿದ, ನನ್ನನ್ನಲ್ಲ, ಮೇಲಿದ್ದ ಅವಳನ್ನಲ್ಲ, ಗೋಡೆಯ ಕಡೆ ನಿಂತು ಅವನ ಕೈಯನ್ನೇ ನೋಡುತ್ತಿದ್ದ ಜನರನ್ನು. ಆಮೇಲೆ ಬೆರಳು ಮತ್ತೆ ಮುಚ್ಚಿಕೊಂಡವು.

"ಯಾಕ ಸುಮ್ಮಾದಿ?" ಅಂದಳು ಕಸ್ತೂರಿ. "ಹೋಗ್ಲೇನು ಹೇಳು."